ಏಳು ಸ್ನಾನಗೃಹಕ್ಕೆ ನೂರೈವತ್ತು ಯೆನ್: ಕಿನೊಸಾಕಿಯ ಖರ್ಚು-ವೆಚ್ಚ

ಜಪಾನಿನ ಕಿನೊಸಾಕಿಯಲ್ಲಿ ಒಂದು ರಾತ್ರಿ ತಂಗಿದವರ ಬಿಲ್ಲಿನಲ್ಲಿ ಬಿಸಿನೀರಿನ ಹೆಸರಲ್ಲಿ ಬರುವುದು ಒಂದೇ ಬಾಬತ್ತು: ಸ್ನಾನ ತೆರಿಗೆ, ತಲಾ 150 ಯೆನ್. ನಮ್ಮ ದುಡ್ಡಿನಲ್ಲಿ 87 ರೂಪಾಯಿ. ಅದೇ ಬಿಲ್ಲಿನಲ್ಲಿ ಕೋಣೆಗೂ ಎರಡು ಹೊತ್ತಿನ ಊಟಕ್ಕೂ ಸೇರಿ ಸಾಮಾನ್ಯವಾಗಿ ತಲಾ 20,000 ಯೆನ್‌ಗಿಂತ ಹೆಚ್ಚು ಇರುತ್ತದೆ. 1,300 ವರ್ಷಗಳಿಂದ ಜನ ಈ ಊರಿಗೆ ಬರುತ್ತಿರುವುದು ನೀರಿಗಾಗಿ. ಇವತ್ತು ಅಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದೂ ಆ ನೀರೇ. ಇದು ತಾನಾಗಿಯೇ ಹೀಗಾದದ್ದಲ್ಲ. ಊರಿನವರು 23 ವರ್ಷ ನ್ಯಾಯಾಲಯಕ್ಕೆ ಅಲೆದು ಉಳಿಸಿಕೊಂಡ ಏರ್ಪಾಡು ಅದು. ಕಿನೊಸಾಕಿಗೆ ಹೋಗಿಬರುವ ಖರ್ಚನ್ನು ಲೆಕ್ಕ ಹಾಕುವವರಿಗೆ ಆ ಕಥೆ ಗೊತ್ತಿದ್ದರೆ ದುಡ್ಡು ಎಲ್ಲಿ ಹೋಗುತ್ತದೆ, ಎಲ್ಲಿ ಉಳಿಯುತ್ತದೆ ಎಂಬುದು ತಾನೇ ತಿಳಿಯುತ್ತದೆ.

ಲೆಕ್ಕಕ್ಕೆ ಮುಂಚೆ ಎರಡು ಮಾತು. ಇಲ್ಲಿನ ದರಗಳು 2024-25ರ ಆಸುಪಾಸಿನವು, ದುಂಡಗೆ ಮಾಡಿಕೊಂಡವು. 100 ಯೆನ್‌ಗೆ 58 ರೂಪಾಯಿ ಎಂದಿಟ್ಟುಕೊಂಡಿದ್ದೇನೆ. ಈ ದರ ಏರಿದರೂ ಇಳಿದರೂ ಬಾಬತ್ತುಗಳ ನಡುವಿನ ಅನುಪಾತ ಹಾಗೇ ಇರುತ್ತದೆ.

ಊರು, ಗುಡಿ, ನೀರು

ಕಿನೊಸಾಕಿ ಇರುವುದು ಹ್ಯೋಗೊ ಪ್ರಾಂತ್ಯದ ಉತ್ತರಕ್ಕೆ, ಜಪಾನ್ ಸಮುದ್ರದ ಹತ್ತಿರ. 2005ರಿಂದ ಅದು ತೊಯೊಓಕಾ ನಗರಸಭೆಗೆ ಸೇರಿದೆ. ಊರಿನ ನಡುವೆ ಒತಾನಿ ಎಂಬ ಚಿಕ್ಕ ಹೊಳೆ, ಅದರ ಎರಡೂ ದಂಡೆಗೆ ವಿಲೋ ಮರಗಳು, ಕಮಾನಿನ ಕಲ್ಲುಸೇತುವೆಗಳು. ರೈಲು ನಿಲ್ದಾಣದಿಂದ ಊರಿನ ಆ ತುದಿಗೆ ನಡೆದರೆ 20 ನಿಮಿಷ. ಅಷ್ಟರೊಳಗೆ ಏಳು ಸಾರ್ವಜನಿಕ ಸ್ನಾನಗೃಹಗಳು, ಎಪ್ಪತ್ತಕ್ಕೂ ಹೆಚ್ಚು ವಸತಿಗೃಹಗಳು. ಈ ಬಗೆಯ ಸಾಂಪ್ರದಾಯಿಕ ವಸತಿಗೃಹಕ್ಕೆ ರಿಯೊಕಾನ್ ಎನ್ನುತ್ತಾರೆ. ಚಾಪೆಯ ನೆಲ, ರಾತ್ರಿ ಹಾಸಿ ಬೆಳಿಗ್ಗೆ ಮಡಚಿಡುವ ಹಾಸಿಗೆ, ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ, ಮೆಟ್ಟಲು ಗೆತಾ ಎಂಬ ಮರದ ಪಾದುಕೆ, ಇವೆಲ್ಲ ಕೋಣೆಯ ಬಾಡಿಗೆಯಲ್ಲೇ ಬಂದವು.

ಊರಿನ ಹುಟ್ಟಿಗೆ ಎರಡು ಕಥೆಗಳಿವೆ. ಗಾಯಗೊಂಡ ಕೊಕ್ಕರೆಯೊಂದು ಬಿಸಿನೀರಿನಲ್ಲಿ ಕಾಲು ನೆನೆಸಿ ಗುಣವಾದದ್ದನ್ನು ಜನ ಕಂಡರು ಎನ್ನುವುದು ಒಂದು. ಆ ಜಾಗದಲ್ಲಿರುವುದು ಏಳರಲ್ಲಿ ಹಳೆಯದಾದ ಕೋನೊ-ಯು. ಇನ್ನೊಂದು ದೋಚಿ ಎಂಬ ಬೌದ್ಧ ಸನ್ಯಾಸಿಯದು. ಆತ 1,000 ದಿನ ಜಪ ಮಾಡಿದ ಮೇಲೆ 720ರಲ್ಲಿ ಬುಗ್ಗೆ ಚಿಮ್ಮಿತಂತೆ; ಅಲ್ಲಿರುವುದು ಮಾಂದಾರಾ-ಯು. ದೋಚಿಯ ಹೆಸರಿಗೇ ಜೋಡಿಕೊಂಡ ಒನ್ಸೆನ್‌ಜಿ ದೇವಾಲಯ 738ರದು ಎಂದು ಪ್ರತೀತಿ. ಊರ ಹಿಂದಿನ ಗುಡ್ಡದ ಓರೆಯಲ್ಲಿದೆ. ಈಗಿರುವ ಮುಖ್ಯ ಮಂದಿರ 14ನೇ ಶತಮಾನದ ಕೊನೆಯ ಭಾಗದ್ದು. ಒಳಗಿರುವುದು ಹನ್ನೊಂದು ಮುಖಗಳ ಕನ್ನೊನ್ ವಿಗ್ರಹ, ಅಂದರೆ ನಮ್ಮ ಬೌದ್ಧ ಪರಂಪರೆಯ ಅವಲೋಕಿತೇಶ್ವರ. ಮೂಲವಿಗ್ರಹದ ದರ್ಶನ 33 ವರ್ಷಕ್ಕೊಮ್ಮೆ; ಕಳೆದ ಸಲ ಬಾಗಿಲು ತೆರೆದದ್ದು 2018ರಲ್ಲಿ. ಹಿಂದೆ ಯಾತ್ರಿಕರು ಬಂದ ಕೂಡಲೇ ನೀರಿಗಿಳಿಯುತ್ತಿರಲಿಲ್ಲ. ಮೊದಲು ಮೆಟ್ಟಿಲು ಹತ್ತಿ ಈ ಗುಡಿಗೆ ಹೋಗಿ, ಕೈಮುಗಿದು, ಅಲ್ಲಿ ಕೊಡುವ ಮರದ ಸೌಟು ಹಿಡಿದುಕೊಂಡು ಇಳಿದುಬಂದು ಸ್ನಾನ ಮಾಡುತ್ತಿದ್ದರು. ನೀರು ಯಾರ ಸೊತ್ತೂ ಅಲ್ಲ, ಪಡೆದು ಬಳಸುವಂಥದ್ದು ಎಂಬ ಭಾವನೆ ಆ ಕಾಲದಿಂದಲೇ ಇತ್ತು ಎಂದು ನನಗನ್ನಿಸುತ್ತದೆ.

ಗುಡಿಗೆ ಮೆಟ್ಟಿಲಲ್ಲೇ ಹತ್ತಿದರೆ ಹಾದಿಗೆ ಖರ್ಚಿಲ್ಲ. ಹತ್ತಲಾಗದವರಿಗೆ 1963ರಲ್ಲಿ ಶುರುವಾದ ರೋಪ್‌ವೇ ಇದೆ. ನಡುದಾರಿಯ ನಿಲ್ದಾಣದಲ್ಲಿ ಗುಡಿ, ತುದಿಯಲ್ಲಿ 231 ಮೀಟರ್ ಎತ್ತರದ ಬೆಟ್ಟ. ತುದಿಯವರೆಗೆ ಹೋಗಿಬರಲು ಸುಮಾರು 1,200 ಯೆನ್. ಊರೊಳಗಿನ ಗೊಕುರಾಕುಜಿ ಎಂಬ ಝೆನ್ ದೇವಾಲಯದ ಮರಳು-ಕಲ್ಲಿನ ತೋಟವನ್ನೂ ನೋಡಿಬರಬೇಕು. ಸ್ನಾನಗೃಹದಿಂದ ಸ್ನಾನಗೃಹಕ್ಕೆ ಓಡುವ ಜನ ಅಲ್ಲಿ ಕಾಣುವುದು ಕಡಿಮೆ.

ನೀರಿನ ದರ ಮತ್ತು ನೀರಿನ ದಾವೆ

ಈಗ ಮುಖ್ಯ ಲೆಕ್ಕ. ವಸತಿಗೃಹದಲ್ಲಿ ತಂಗದೆ, ಬರೀ ಸ್ನಾನಕ್ಕೆಂದು ಬಂದವರು ಒಂದು ಸ್ನಾನಗೃಹಕ್ಕೆ ಸುಮಾರು 800 ಯೆನ್ ಕೊಡಬೇಕು. ಏಳಕ್ಕೂ ಬಿಡಿಬಿಡಿಯಾಗಿ ಕೊಟ್ಟರೆ 5,600 ಯೆನ್, ಅಂದರೆ 3,248 ರೂಪಾಯಿ. ದಿನದ ಪಾಸು ತೆಗೆದುಕೊಂಡರೆ 1,500 ಯೆನ್, 870 ರೂಪಾಯಿ, ಮಕ್ಕಳಿಗೆ ಅರ್ಧ. ಎರಡೇ ಸ್ನಾನಗೃಹಕ್ಕೆ ಹೋದರೂ ಪಾಸು ಬಿಡಿ ಟಿಕೆಟ್‌ಗಿಂತ ಅಗ್ಗ. ವಸತಿಗೃಹದಲ್ಲಿ ತಂಗಿದವರಿಗೆ ಏಳಕ್ಕೂ ಪ್ರವೇಶ ಉಚಿತ. ಕೋಣೆ ಹಿಡಿದಾಗಲೇ ಪಾಸು ಕೈಗೆ ಕೊಡುತ್ತಾರೆ. ಖಂಡಿತ, ಆ ಪಾಸಿನ ವೆಚ್ಚ ಕೋಣೆಯ ಬಾಡಿಗೆಯಲ್ಲಿ ಅಡಗಿಯೇ ಇರುತ್ತದೆ. ಆದರೆ ದುಬಾರಿ ವಸತಿಗೃಹದಲ್ಲಿ ಉಳಿದವರಿಗೂ ಅಗ್ಗದ ಕೋಣೆ ಹಿಡಿದವರಿಗೂ ಸಿಗುವುದು ಅದೇ ಪಾಸು, ಅದೇ ನೀರು, ಅದೇ ಕೊಳ. ರಾತ್ರಿಗೆ 60,000 ಯೆನ್ ಕೊಟ್ಟವರು, 10,000 ಕೊಟ್ಟವರು, ದಿನದ ಪಾಸು ಹಿಡಿದು ಬಂದ ಕಾಲೇಜು ಹುಡುಗರು ಒಂದೇ ಕೊಳದಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ಅಕ್ಕಪಕ್ಕ ಕೂತಿರುತ್ತಾರೆ.

ಜಪಾನಿನಲ್ಲಿ ಸುಮಾರು 3,000 ಬಿಸಿನೀರಿನ ಊರುಗಳಿವೆ, ಬುಗ್ಗೆಗಳ ಎಣಿಕೆ 27,000 ಮೀರುತ್ತದೆ. 1948ರ ಕಾಯ್ದೆಯ ಪ್ರಕಾರ ಹೊರಬರುವಾಗ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಇಲ್ಲವೇ ಪಟ್ಟಿ ಮಾಡಿದ 19 ಅಂಶಗಳಲ್ಲಿ ಒಂದು ನಿಗದಿತ ಪ್ರಮಾಣದಲ್ಲಿದ್ದರೆ ಅದು ಒನ್ಸೆನ್. ಹೆಚ್ಚಿನ ಊರುಗಳಲ್ಲಿ ದೊಡ್ಡ ವಸತಿಗೃಹಗಳು ತಮ್ಮ ಕಟ್ಟಡದೊಳಗೇ ದೊಡ್ಡ ಕೊಳ ಕಟ್ಟಿಕೊಂಡಿವೆ. ಬಂದವರು ಒಳಹೊಕ್ಕರೆ ಮರುದಿನವೇ ಹೊರಬರುವುದು. ಸ್ನಾನ, ಊಟ, ಅಂಗಡಿ ಎಲ್ಲ ಅಲ್ಲೇ. ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ ಊರುಗಳು ಎಷ್ಟೋ. ಕಿನೊಸಾಕಿ ಆ ದಾರಿ ಹಿಡಿಯದೆ ಹೋದದ್ದಕ್ಕೆ ಕಾರಣ 1925ರ ನಂತರ ನಡೆದ ಘಟನೆಗಳು.

1925ರ ಮೇ 23ರಂದು, ಮಧ್ಯಾಹ್ನದ ಅಡುಗೆಯ ಹೊತ್ತು ಹತ್ತಿರವಾಗುತ್ತಿದ್ದಾಗ, 6.8 ಪ್ರಮಾಣದ ಭೂಕಂಪ ಆಯಿತು. ಆ ಪ್ರದೇಶದಲ್ಲಿ ಒಟ್ಟು ಸತ್ತವರು 428 ಮಂದಿ. ಕಿನೊಸಾಕಿಯಲ್ಲಿ ಬಿದ್ದ ಮನೆಗಳಿಗೆ ಬೆಂಕಿ ಹತ್ತಿ ಊರು ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಮನೆಯವರು ತಂತಮ್ಮ ನಿವೇಶನದ ಒಂದು ಪಾಲನ್ನು ಬಿಟ್ಟುಕೊಟ್ಟರು. ರಸ್ತೆ, ಹೊಳೆ ಎರಡೂ ಅಗಲವಾದವು. ಬೆಂಕಿ ಹರಡದ ಹಾಗೆ ಅಲ್ಲಲ್ಲಿ ಕಾಂಕ್ರೀಟ್ ಕಟ್ಟಡಗಳನ್ನು ನಿಲ್ಲಿಸಿದರು. ಒತಾನಿ ಹೊಳೆಯ ದಂಡೆಯನ್ನು ಇವತ್ತು ಬಗ್ಗಿ ನೋಡಿದರೆ ಕಪ್ಪಗಿನ, ಅಂಚು ಕಡಿದಂತಿರುವ ಬಹುಭುಜಾಕೃತಿಯ ಕಲ್ಲುಗಳು ಜೇನುಹುಟ್ಟಿನ ಹಾಗೆ ಒತ್ತಾಗಿ ಕೂತಿರುವುದು ಕಾಣುತ್ತದೆ. ಅವು ಹತ್ತಿರದ ಗೆನ್‌ಬುದೊ ಗುಹೆಯ ಬಸಾಲ್ಟ್ ಕಂಬಗಳು. ಭೂಕಂಪಕ್ಕೆ ಉದುರಿಬಿದ್ದವನ್ನು ತಂದು ದಂಡೆಗೆ ಹಾಕಿದರು. 16 ಲಕ್ಷ ವರ್ಷ ಹಿಂದಿನ ಲಾವಾ ತಣಿದು ಆದ ಕಂಬಗಳವು. 1926ರಲ್ಲಿ ಮತುಯಾಮಾ ಮೊತೊನೊರಿ ಎಂಬ ಭೂವಿಜ್ಞಾನಿ ಅಲ್ಲಿನ ಕಲ್ಲನ್ನು ಅಳೆದು, ಹಿಂದೊಮ್ಮೆ ಭೂಮಿಯ ಕಾಂತಕ್ಷೇತ್ರ ಉತ್ತರ-ದಕ್ಷಿಣ ತಿರುವುಮುರುವಾಗಿತ್ತು ಎಂದು ಹೇಳಲು ದಾರಿ ಕಂಡುಕೊಂಡರು. ಗುಹೆ ಊರಿನಿಂದ ತುಸು ದೂರ. ಪ್ರವೇಶ 500 ಯೆನ್. ಕೊಟ್ಟ ದುಡ್ಡಿಗೆ ಇಷ್ಟು ಸಿಗುವ ಜಾಗ ಈ ಸುತ್ತಿನಲ್ಲಿ ಇನ್ನೊಂದಿಲ್ಲ.

ಊರು ಎದ್ದು ನಿಲ್ಲುತ್ತಿದ್ದಾಗಲೇ, 1927ರಲ್ಲಿ, ವಸತಿಗೃಹವೊಂದು ತನ್ನ ಜಾಗದೊಳಗೇ ಬಿಸಿನೀರಿನ ಕೊಳ ಮಾಡಲು ಹೊರಟಿತು. ಅಲ್ಲಿಯವರೆಗೆ ಕಿನೊಸಾಕಿಯಲ್ಲಿ ಯಾವ ವಸತಿಗೃಹದ ಒಳಗೂ ಬಿಸಿನೀರಿನ ಬುಗ್ಗೆಯ ಸ್ನಾನ ಇರಲಿಲ್ಲ. ಎಲ್ಲರೂ ಬೀದಿಗಿಳಿದು ಊರ ಸ್ನಾನಗೃಹಕ್ಕೇ ಹೋಗಬೇಕಿತ್ತು. ಊರಿನವರು ತಕರಾರು ಎತ್ತಿದರು. ಒಬ್ಬರ ಜಮೀನಿನ ಕೆಳಗಿನ ನೀರು ಆ ಒಬ್ಬರದೋ, ಊರಿಗೆಲ್ಲ ಸೇರಿದ್ದೋ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಯುದ್ಧ ಬಂತು, ಮುಗಿಯಿತು, ದಾವೆ ಮುಗಿಯಲಿಲ್ಲ. ಕೊನೆಗೆ 1950ರಲ್ಲಿ ರಾಜಿ ಆಯಿತು. ನೀರು ಊರಿನ ಸಾಮೂಹಿಕ ಸೊತ್ತು. ವಸತಿಗೃಹಗಳು ಒಳಗೆ ಕೊಳ ಮಾಡಿಕೊಳ್ಳಬಹುದು, ಆದರೆ ಗಾತ್ರಕ್ಕೆ ಮಿತಿ ಉಂಟು. ಒಳಗಿನ ಕೊಳ ಚಿಕ್ಕದಾದಷ್ಟೂ ಅತಿಥಿ ಹೊರಗೆ ಹೋಗುತ್ತಾನೆ, ಹೊರಗೆ ಹೋದವ ಅಂಗಡಿಯ ಮುಂದೆ ನಿಲ್ಲುತ್ತಾನೆ. 1972ರಿಂದ ಬೇರೆ ಬೇರೆ ಬುಗ್ಗೆಗಳ ನೀರನ್ನು ಒಂದೆಡೆ ಸೇರಿಸಿ ಕೊಳವೆಗಳಲ್ಲಿ ಎಲ್ಲರಿಗೂ ಹಂಚುವ ವ್ಯವಸ್ಥೆ ನಡೆಯುತ್ತಿದೆ. ಊರಿನವರು ಹೇಳುವ ಮಾತೊಂದಿದೆ: ಇಡೀ ಊರೇ ಒಂದು ವಸತಿಗೃಹ, ರೈಲು ನಿಲ್ದಾಣ ಅದರ ಮುಂಬಾಗಿಲು, ರಸ್ತೆಗಳು ನಡುಮನೆಯ ಓಣಿ, ರಿಯೊಕಾನ್‌ಗಳು ಕೋಣೆಗಳು, ಏಳು ಸ್ನಾನಗೃಹಗಳು ಬಚ್ಚಲುಮನೆ. ಈ ಮಾತು ಬರೀ ಜಾಹೀರಾತಲ್ಲ. 23 ವರ್ಷದ ದಾವೆಯ ತೀರ್ಮಾನವೂ ಸಾರದಲ್ಲಿ ಇದೇ.

ಕೋಣೆ, ಊಟ, ಏಡಿ

ಖರ್ಚು ಏರುವುದು ಇಲ್ಲಿ. ವಾರದ ನಡುವಿನ ದಿನ, ಊಟವಿಲ್ಲದೆ ಬರೀ ಕೋಣೆಗೆ ತಲಾ 8,000ದಿಂದ 12,000 ಯೆನ್. ಎರಡು ಹೊತ್ತಿನ ಊಟ ಸೇರಿದರೆ 18,000ದಿಂದ 30,000. ಇದೇ ಕೋಣೆ ಏಡಿಯ ಋತುವಿನಲ್ಲಿ 30,000ದಿಂದ 60,000ಕ್ಕೆ ಹೋಗುತ್ತದೆ. ಬಾಡಿಗೆ ತಲೆಗಿಷ್ಟು ಎಂಬುದನ್ನು ಮರೆಯಬಾರದು. ನಮ್ಮ ಹೋಟೆಲುಗಳ ಹಾಗೆ ಕೋಣೆಗಿಷ್ಟು ಎಂದುಕೊಂಡು ಹೋದರೆ ಬಿಲ್ಲು ಇಮ್ಮಡಿಯಾಗಿ ಕಾಣುತ್ತದೆ.

ಗಂಡು ಹಿಮ ಏಡಿಗೆ ಇಲ್ಲಿ ಮಾತ್ಸುಬಾ ಏಡಿ ಎನ್ನುತ್ತಾರೆ. ಹಿಡಿಯಲು ಅವಕಾಶ ಇರುವುದು ನವೆಂಬರ್ 6ರಿಂದ ಮಾರ್ಚ್ 20ರವರೆಗೆ ಮಾತ್ರ. ದೋಣಿ ಬಂದ ಬಂದರಿನ ಹೆಸರಿರುವ ಬಿಲ್ಲೆಯನ್ನು ಏಡಿಯ ಕಾಲಿಗೆ ಕಟ್ಟಿರುತ್ತಾರೆ. ಕಿನೊಸಾಕಿಗೆ ಹತ್ತಿರದ ತ್ಸುಯಿಯಾಮಾ ಬಂದರಿನಿಂದ ಬಂದದ್ದಕ್ಕೆ ಹೆಚ್ಚು ಬೆಲೆ. ವಸತಿಗೃಹಗಳ ವರ್ಷದ ಗಳಿಕೆಯಲ್ಲಿ ಈ ನಾಲ್ಕೂವರೆ ತಿಂಗಳ ಪಾಲು ದೊಡ್ಡದು. ಏಡಿ ತಿನ್ನುವವರಿಗೆ ಅದು ಕೊಟ್ಟ ದುಡ್ಡಿಗೆ ತಕ್ಕ ಊಟವೇ. ತಿನ್ನದವರು ಆ ದಿನಗಳಲ್ಲಿ ಹೋದರೆ ತಿನ್ನದ ಏಡಿಗೂ ದುಡ್ಡು ಕೊಟ್ಟ ಹಾಗೆ.

ಸಸ್ಯಾಹಾರಿಗಳು ಇನ್ನೂ ಒಂದು ವಿಷಯ ತಿಳಿದಿರಬೇಕು. ರಿಯೊಕಾನ್ ಊಟದಲ್ಲಿ ಮೀನು-ಮಾಂಸದ ತುಂಡು ಕಾಣದ ಸಾರಿನಲ್ಲೂ, ಬೇಯಿಸಿದ ತರಕಾರಿಯಲ್ಲೂ ಒಣಗಿಸಿದ ಬೊನಿಟೊ ಮೀನಿನ ಕಷಾಯ ಇರುತ್ತದೆ. ಅದಕ್ಕೆ ದಾಶಿ ಎನ್ನುತ್ತಾರೆ. "ಮಾಂಸ ಬೇಡ" ಎಂದರೆ ಸಾಲದು. ಮೀನಿನ ದಾಶಿಯೂ ಬೇಡ ಎಂದು ಕೋಣೆ ಕಾಯ್ದಿರಿಸುವಾಗಲೇ ಬರೆದು ತಿಳಿಸಬೇಕು. ಹೋದ ಮೇಲೆ ಹೇಳಿದರೆ ಅಡುಗೆಯವರಿಗೂ ಕಷ್ಟ, ನಮಗೂ ಉಪವಾಸ. ಚಿಕ್ಕ ವಸತಿಗೃಹಗಳು ಆಗುವುದಿಲ್ಲ ಎಂದು ನೇರವಾಗಿ ಹೇಳುವುದೂ ಉಂಟು. ಅಂಥವರಿಗೆ ಊಟವಿಲ್ಲದ ಕೋಣೆಯೇ ಸರಿ.

ಹಿಂದಿನವರು ತಂಗುತ್ತಿದ್ದ ರೀತಿಯೇ ಬೇರೆ. ಏಳು ದಿನಕ್ಕೆ ಒಂದು ಸುತ್ತು, ಮೂರು ಸುತ್ತು ಸೇರಿ 21 ದಿನ, ಹೀಗೆ ಬಿಸಿನೀರಿನ ಚಿಕಿತ್ಸೆ ಪಡೆಯುವುದು ಜಪಾನಿನ ಹಳೆಯ ರೂಢಿ. ಕಾದಂಬರಿಕಾರ ಶಿಗಾ ನಾವೊಯಾ 1913ರಲ್ಲಿ ಟೋಕಿಯೋದಲ್ಲಿ ರೈಲು ತಗುಲಿ ಗಾಯಗೊಂಡ ಮೇಲೆ ಕಿನೊಸಾಕಿಗೆ ಬಂದು ಸುಮಾರು ಮೂರು ವಾರ ಇದ್ದರು. ಆ ವಾಸದಿಂದ ಹುಟ್ಟಿದ ಕಥೆ 1917ರಲ್ಲಿ ಬಂತು, ಊರಿಗೆ ಜಪಾನಿನಾದ್ಯಂತ ಹೆಸರು ತಂದಿತು. ಇವತ್ತು 21 ರಾತ್ರಿ ಊಟವಿಲ್ಲದ ಕೋಣೆಗೆ 10,000ದಂತೆ ಕೊಟ್ಟರೂ ಒಬ್ಬರಿಗೆ 2,10,000 ಯೆನ್, ಅಂದರೆ 1,21,800 ರೂಪಾಯಿ. ಈಗ ಬಹುತೇಕರು ಬರುವುದು ಒಂದು ರಾತ್ರಿಗೆ.

ಆ ಒಂದು ರಾತ್ರಿಯಲ್ಲಿ ಎಷ್ಟು ಸ್ನಾನ? ವಸತಿಗೃಹದ ಬಾಗಿಲು ಮಧ್ಯಾಹ್ನ 3ಕ್ಕೆ ತೆರೆಯುತ್ತದೆ, ಬೆಳಿಗ್ಗೆ 10ಕ್ಕೆ ಕೋಣೆ ಬಿಡಬೇಕು. ಸ್ನಾನಗೃಹಗಳು ಸಾಮಾನ್ಯವಾಗಿ ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ. ಅಂದರೆ ಸಂಜೆ 8 ಗಂಟೆ, ಬೆಳಿಗ್ಗೆ 3 ಗಂಟೆ, ಒಟ್ಟು 11 ಗಂಟೆ ಕೈಯಲ್ಲಿರುತ್ತದೆ. ಏಳನ್ನೂ ಮುಗಿಸುತ್ತೇನೆ ಎಂದು ಹಠ ಹಿಡಿಯುವುದು ಬೇಡ. ಕೊಳದ ನೀರು 42 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಐದು ನಿಮಿಷಕ್ಕೆ ಮುಖ ಕೆಂಪೇರಿ ಎದೆಬಡಿತ ಕೇಳಿಸುತ್ತದೆ. ಸಂಜೆ ಎರಡು, ಬೆಳಿಗ್ಗೆ ಒಂದು, ಇಷ್ಟು ದೇಹಕ್ಕೆ ಹಿತ. ಗುಹೆಯಂತಿರುವ ಕೊಳ ಬೇಕೆನ್ನುವವರು ಇಚಿನೊ-ಯುಗೆ, ಬೆಟ್ಟದ ಮಗ್ಗುಲಿಗೆ ತೆರೆದ ಕೊಳ ಬೇಕೆನ್ನುವವರು ಗೊಶೊನೊ-ಯುಗೆ ಹೋಗಬಹುದು. ನನ್ನ ಆಯ್ಕೆ ಕೋನೊ-ಯು. ಊರಿನ ಆಚೆ ತುದಿಗಿರುವುದರಿಂದ ಗದ್ದಲ ಕಡಿಮೆ.

ಒಳಗಿನ ಕ್ರಮ ಹೀಗಿದೆ. ಬಾಗಿಲಲ್ಲಿ ಗೆತಾ ಬಿಡಬೇಕು. ಪ್ರತಿ ಜೋಡಿಯ ಮೇಲೂ ಆಯಾ ವಸತಿಗೃಹದ ಹೆಸರಿರುವುದರಿಂದ ನೂರಾರು ಜೋಡಿಗಳ ನಡುವೆಯೂ ನಮ್ಮದು ತಪ್ಪುವುದಿಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ. ಬಟ್ಟೆ ಎಲ್ಲವನ್ನೂ ತೆಗೆದಿಡಬೇಕು, ಈಜುಡುಗೆ ನಡೆಯುವುದಿಲ್ಲ. ಗೋಡೆಯ ಉದ್ದಕ್ಕೂ ಮೊಣಕಾಲೆತ್ತರದ ನಲ್ಲಿಗಳು, ಎದುರಿಗೆ ಗೇಣೆತ್ತರದ ಮಣೆ, ಒಂದು ಚೊಂಬು. ಅಲ್ಲಿ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದ ಮೇಲೆಯೇ ಕೊಳಕ್ಕೆ ಇಳಿಯುವುದು. ಕೂದಲನ್ನಾಗಲಿ ಟವೆಲನ್ನಾಗಲಿ ನೀರಿಗೆ ತಾಗಿಸಬಾರದು. ಜಪಾನಿನ ಅನೇಕ ಸ್ನಾನಗೃಹಗಳಲ್ಲಿ ಹಚ್ಚೆ ಇದ್ದವರನ್ನು ಬಿಡುವುದಿಲ್ಲ. ಕಿನೊಸಾಕಿಯ ಊರ ಸ್ನಾನಗೃಹಗಳಲ್ಲಿ ಆ ತಡೆಯಿಲ್ಲ. ಕೈಮೇಲೆ ಹಚ್ಚೆ ಹಾಕಿಸಿಕೊಂಡ ನಮ್ಮ ಹಳ್ಳಿಗಳ ಅಜ್ಜಿಯಂದಿರೂ ನಿಶ್ಚಿಂತೆಯಿಂದ ಹೋಗಬಹುದು.

ರೈಲು, ಮತ್ತು ಒಟ್ಟು ಮೊತ್ತ

ಕ್ಯೋಟೊದಿಂದ ನೇರ ಎಕ್ಸ್‌ಪ್ರೆಸ್‌ನಲ್ಲಿ ಎರಡೂವರೆ ಗಂಟೆ, ಒಸಾಕಾದಿಂದ ಅದಕ್ಕಿಂತ ತುಸು ಹೆಚ್ಚು. ಒಂದು ಕಡೆಗೆ 5,000ದಿಂದ 6,000 ಯೆನ್; ಹೋಗಿಬರಲು ಸರಾಸರಿ 11,000. ವಿದೇಶಿ ಪ್ರವಾಸಿಗರಿಗೆ ಸಿಗುವ ಐದು ದಿನದ ಕಾನ್ಸಾಯ್ ವೈಡ್ ಪಾಸ್ ಸುಮಾರು 12,000. ಅದರಲ್ಲಿ ಕಾನ್ಸಾಯ್ ವಿಮಾನ ನಿಲ್ದಾಣದ ರೈಲೂ, ಶಿನ್-ಒಸಾಕಾದಿಂದ ಹಿಮೆಜಿ, ಒಕಾಯಾಮಾವರೆಗಿನ ಶಿಂಕಾನ್ಸೆನ್ ಎಂಬ ಅತಿವೇಗದ ರೈಲೂ ಸೇರಿವೆ. ಹಿಮೆಜಿ ಕೋಟೆಯನ್ನೂ ನೋಡುವವರಾದರೆ ಪಾಸೇ ಲಾಭ. ಬೆಂಗಳೂರಿನಿಂದ ಟೋಕಿಯೋದ ನಾರಿತಾಗೆ ನೇರ ವಿಮಾನವಿದ್ದರೂ, ಅಲ್ಲಿಂದ ಕ್ಯೋಟೊ ತಲುಪಲು ಶಿಂಕಾನ್ಸೆನ್‌ಗೆ ಮತ್ತೆ 14,000 ಯೆನ್ ತೆರಬೇಕು. ಕಿನೊಸಾಕಿಗೆ ಹೋಗಲೇಬೇಕು ಎನ್ನುವವರು ಒಂದು ಕಡೆ ವಿಮಾನ ಬದಲಾಯಿಸಿಯಾದರೂ ಒಸಾಕಾಗೆ ಇಳಿಯುವುದು ಮೇಲು. ವಿಮಾನದ ಖರ್ಚನ್ನು ಕೆಳಗಿನ ಲೆಕ್ಕಕ್ಕೆ ಸೇರಿಸಿಲ್ಲ.

ಇಬ್ಬರ ಲೆಕ್ಕ ನೋಡೋಣ. ಊಟವಿಲ್ಲದ ಕೋಣೆ 20,000, ರೈಲು 22,000, ಸ್ನಾನ ತೆರಿಗೆ 300, ರೋಪ್‌ವೇ 2,400, ಹೊರಗಿನ ಊಟ-ತಿಂಡಿ 8,600, ಚಿಲ್ಲರೆ ಖರ್ಚು 1,000. ಒಟ್ಟು 54,300 ಯೆನ್, 31,494 ರೂಪಾಯಿ. ಇದರಲ್ಲಿ ರೈಲಿನ ಪಾಲು ನೂರಕ್ಕೆ 40. ನೀರಿನದು ನೂರಕ್ಕೆ ಒಂದೂ ಅಲ್ಲ. ಊಟ ಸೇರಿದ ಕೋಣೆಗೆ ತಲಾ 22,000 ಕೊಟ್ಟು, ಹೊರಗೆ ಒಂದೇ ಹೊತ್ತು ಉಂಡರೆ 72,300 ಯೆನ್, 41,934 ರೂಪಾಯಿ. ಏಡಿಯ ಕಾಲದಲ್ಲಿ ಅದೇ ಕೋಣೆಗೆ ತಲಾ 45,000 ಎಂದು ಹಿಡಿದರೆ 1,18,300 ಯೆನ್, 68,614 ರೂಪಾಯಿ. ಅದರ ಮುಕ್ಕಾಲು ಪಾಲು ವಸತಿಗೃಹದ್ದೇ. ರೈಲು, ರೋಪ್‌ವೇ, ನೀರು ಮೂರೂ ಲೆಕ್ಕದಲ್ಲಿ ಒಂದು ಯೆನ್ ಕೂಡ ಬದಲಾಗಿಲ್ಲ.

ಬೆಳಿಗ್ಗೆ ಹೋಗಿ ಸಂಜೆ ಮರಳುವುದಾದರೆ ರೈಲು, ದಿನದ ಪಾಸು, ಒಂದು ಊಟ ಸೇರಿ ಇಬ್ಬರಿಗೆ 28,000 ಯೆನ್, 16,240 ರೂಪಾಯಿ. ಕಡಿಮೆ ಎಂದು ಕಂಡರೂ ಐದು ಗಂಟೆ ರೈಲಿನಲ್ಲೇ ಕಳೆಯುತ್ತದೆ. ಕತ್ತಲಾದ ಮೇಲೆ ದೀಪ ಹತ್ತಿ ಬೀದಿಯ ತುಂಬ ಗೆತಾದ ಸದ್ದು ಕೇಳುವ ಹೊತ್ತಿಗೆ ನಾವು ಊರಲ್ಲಿರುವುದಿಲ್ಲ. ನಾನಾದರೆ ಇದನ್ನು ಯಾರಿಗೂ ಹೇಳುವುದಿಲ್ಲ. ಉಳಿತಾಯ ಇರುವುದು ಎರಡನೇ ರಾತ್ರಿಯಲ್ಲಿ. ರೈಲು, ರೋಪ್‌ವೇ ಮತ್ತೆ ಬೇಕಿಲ್ಲ; ಊಟವಿಲ್ಲದ ಕೋಣೆ, ತೆರಿಗೆ, ಹೊರಗಿನ ಊಟ ಸೇರಿ ಇಬ್ಬರಿಗೆ 28,900 ಯೆನ್. ಎರಡು ರಾತ್ರಿಗೆ ಒಟ್ಟು 83,200 ಯೆನ್, 48,256 ರೂಪಾಯಿ. ಊಟ ಸೇರಿದ ಒಂದು ರಾತ್ರಿಗಿಂತ ಇದು ಸುಮಾರು 6,300 ರೂಪಾಯಿ ಮಾತ್ರ ಹೆಚ್ಚು. ಆ ಹಣಕ್ಕೆ ಒನ್ಸೆನ್‌ಜಿಯಲ್ಲಿ ಒಂದು ಮುಂಜಾನೆ, ಗೆನ್‌ಬುದೊದಲ್ಲಿ ಒಂದು ಮಧ್ಯಾಹ್ನ, ಅವಸರವಿಲ್ಲದ ನಾಲ್ಕಾರು ಸ್ನಾನ ಸಿಗುತ್ತವೆ. ತೊಯೊಓಕಾದ ಗದ್ದೆಗಳಲ್ಲಿ ಕೊಕ್ಕರೆಗಳನ್ನು ನೋಡಲೂ ಬಿಡುವು ಸಿಗುತ್ತದೆ. 1971ರಲ್ಲಿ ಜಪಾನಿನ ಕಾಡಿನಿಂದ ಅಳಿದುಹೋದ ಆ ಹಕ್ಕಿಯ ಐದು ಜೀವಗಳನ್ನು 2005ರ ಸೆಪ್ಟೆಂಬರಿನಲ್ಲಿ ಇಲ್ಲಿಯೇ ಮತ್ತೆ ಹಾರಬಿಟ್ಟರು.

ಒಂದು ಕಾಲಕ್ಕೆ ವಿದೇಶಿಗರು ಅಷ್ಟಾಗಿ ಬಾರದ ಊರಿದು. 2011ರಲ್ಲಿ ಇಲ್ಲಿ ತಂಗಿದ ಹೊರದೇಶದವರು ಸಾವಿರದ ಆಸುಪಾಸು; ಐದಾರು ವರ್ಷದಲ್ಲಿ ಅದು ಹೆಚ್ಚುಕಡಿಮೆ 40 ಪಟ್ಟಾಯಿತು. ಹಾಗಾಗಿ ಶನಿವಾರ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ನನ್ನ ಸಲಹೆ ಇಷ್ಟು: ಏಡಿ ತಿನ್ನದವರು ಏಪ್ರಿಲ್ ಕೊನೆಯ ಮತ್ತು ಮೇ ಮೊದಲ ವಾರದ ಜಪಾನಿನ ರಜಾದಿನಗಳನ್ನು ಬಿಟ್ಟು, ಮೇ-ಜೂನ್‌ನಲ್ಲಿ ಇಲ್ಲವೇ ಅಕ್ಟೋಬರಿನಲ್ಲಿ, ವಾರದ ನಡುವೆ, ಊಟವಿಲ್ಲದ ಕೋಣೆಯಲ್ಲಿ ಎರಡು ರಾತ್ರಿ ಇರಿ. ಸ್ನಾನಗೃಹಗಳಿಗೆ ವಾರದಲ್ಲಿ ಬೇರೆ ಬೇರೆ ದಿನ ರಜೆ, ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದೂ ಉಂಟು. ನಿಮಗೆ ಬೇಕಾದದ್ದು ಆ ದಿನ ತೆರೆದಿರುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಕೋಣೆ ಕಾಯ್ದಿರಿಸಿ.